ಬೆಳಗಿನ ಹವಾ, ಮಧ್ಯಾಹ್ನದ ಊಟ

ವ್ಯಾಪಾರಿಯ ಕಣ್ಣಿನಿಂದ ನೋಡಿದರೆ ಭೀಮಪ್ಪನಷ್ಟು ಕೆಟ್ಟ ಗಿರಾಕಿ ನಾಗಪುರದಲ್ಲಿ ಇನ್ನೊಬ್ಬ ಸಿಗಲಾರ. ಅಮರಾವತಿ ರಸ್ತೆಯ ಮೇಲೆ ವಾಡಿಯಲ್ಲಿ ನನ್ನದು ಟೈರು ಮತ್ತು ಬಿಡಿಭಾಗಗಳ ಅಂಗಡಿ. ಕೂಗಳತೆಯಲ್ಲಿ ಒಂದು ಡೆಲಿವರಿ ಕಂಪನಿಯ ಯಾರ್ಡ್ ಇದೆ. ಕಂಪನಿಯ ಹೆಸರು ಹೇಳುವುದಿಲ್ಲ, ಅವರು ಈಗಲೂ ನನ್ನ ಗಿರಾಕಿಗಳು. ಯಾರ್ಡಿನಲ್ಲಿ ಅರವತ್ತನಾಲ್ಕು ಸಣ್ಣ ಗಾಡಿಗಳಿವೆ, ಇಲ್ಲಿಯ ಜನ ಛೋಟಾ ಹಾಥಿ ಎಂದು ಕರೆಯುವಂಥವು. ಅಷ್ಟು ಗಾಡಿಗಳ ಪಕ್ಕದಲ್ಲಿ ಅಂಗಡಿ ಹಾಕಿದವನು ಕಾಲು ಚಾಚಿ ಕೂತು ಉಣ್ಣಬಹುದು ಎಂದು ನೀವು ಅಂದುಕೊಂಡರೆ, ಆ ಯಾರ್ಡಿನ ಹೆಡ್ ಮೆಕ್ಯಾನಿಕ್ ಯಾರೆಂದು ನಿಮಗೆ ಗೊತ್ತಿಲ್ಲ ಎಂದರ್ಥ.

ಭೀಮಪ್ಪ ಹೊಸ ಬ್ರೇಕ್ ಲೈನಿಂಗ್ ಕೊಡಿ ಎಂದು ಬರುವುದಿಲ್ಲ. ಹಳೆಯದನ್ನು ಕೈಯಲ್ಲಿ ಹಿಡಿದು ಬರುತ್ತಾನೆ. ಅದನ್ನು ಬೆಳಕಿಗೆ ಎತ್ತಿ, ಉಗುರಿನಿಂದ ಕೆರೆದು, "ಸಾವ್ಕಾರ್ರ, ಇದು ಇನ್ನ ಎರಡ ತಿಂಗಳ ಓಡತೈತಿ, ಹೌದಲ್ರಿ?" ಎಂದು ನನ್ನನ್ನೇ ಕೇಳುತ್ತಾನೆ. ಮಾರುವವನ ಬಾಯಿಂದಲೇ ಕೊಳ್ಳಬೇಡ ಅನ್ನಿಸಿಕೊಂಡು ಹೋಗುವ ಈ ವಿದ್ಯೆಯನ್ನು ಅವನು ಎಲ್ಲಿ ಕಲಿತನೋ. ಹನ್ನೆರಡು ವರ್ಷಗಳಿಂದ ನಾನು ಹೌದು ಎಂದೇ ಹೇಳುತ್ತ ಬಂದಿದ್ದೇನೆ. ಸುಳ್ಳು ಹೇಳಿದರೆ ಅವನು ಬೈಯುವುದಿಲ್ಲ, ಸುಮ್ಮನೆ ನಿಂತು ನೋಡುತ್ತಾನೆ. ಆ ನೋಟ ಎದುರಿಸುವುದಕ್ಕಿಂತ ನಾಲ್ಕು ಲೈನಿಂಗ್ ಕಡಿಮೆ ಮಾರುವುದು ಸುಲಭ.

ಅವನ ತಂದೆ ಬಾದಾಮಿ ಕಡೆಯಿಂದ ಇಲ್ಲಿಯ ಆರ್ಡ್ನನ್ಸ್ ಫ್ಯಾಕ್ಟರಿಗೆ ಫಿಟ್ಟರ್ ಆಗಿ ಬಂದವರು. ಭೀಮಪ್ಪ ಫ್ಯಾಕ್ಟರಿಯ ಕ್ವಾರ್ಟರ್ಸಿನಲ್ಲಿ ಬೆಳೆದು, ಐಟಿಐ ಮುಗಿಸಿ, ಕಾಮಠಿಯ ಒಂದು ಗ್ಯಾರೇಜಿನಲ್ಲಿ ಹದಿನೆಂಟು ವರ್ಷ ದುಡಿದ. ಮಿಲಿಟರಿಯವರು ಹರಾಜಿಗೆ ಹಾಕಿದ ಟ್ರಕ್ಕುಗಳನ್ನು ಬಿಚ್ಚಿ ಮತ್ತೆ ಜೋಡಿಸುವುದು ಅಲ್ಲಿಯ ಕೆಲಸ. ಅಂಥ ಟ್ರಕ್ಕುಗಳನ್ನು ಪಳಗಿಸಿದವನಿಗೆ ಡೆಲಿವರಿ ಕಂಪನಿಯ ಗಾಡಿಗಳು ಆಟಿಕೆಯ ಹಾಗೆ. ಆದರೂ ಅವನ್ನು ಅವನು ಆಟಿಕೆ ಎಂದು ಎಂದೂ ಕಂಡಿಲ್ಲ. ಕ್ಲಚ್ ಪ್ಲೇಟ್ ಬಿಚ್ಚಿ ನೋಡಿ ಡ್ರೈವರನ ಮನೆಯ ಸುದ್ದಿ ಹೇಳುತ್ತಾನೆ. "ನಲವತ್ತನೇ ನಂಬರ್‌ನವ ಈ ತಿಂಗಳ ಹೆಂಡತಿ ಕೂಡ ಜಗಳಾಡ್ಯಾನ ನೋಡ್ರಿ, ಕ್ಲಚ್ ಮ್ಯಾಲೆ ಕಾಲ ಇಟ್ಟಕೊಂಡ ಗಾಡಿ ಹೊಡದಾನ." ವಿಚಾರಿಸಿದರೆ ಸುದ್ದಿ ಬರೋಬರ್ ಇರುತ್ತದೆ. ಯಾರ್ಡಿನಲ್ಲಿ ಅತಿ ಹೆಚ್ಚು ಬಾಳುವ ಕ್ಲಚ್ ಹದಿನೇಳನೇ ನಂಬರಿನ ರಾಗಿಣಿಯದು. ಅರವತ್ತನಾಲ್ಕು ಡ್ರೈವರುಗಳಲ್ಲಿ ಅವಳೊಬ್ಬಳೇ ಹೆಂಗಸು. ಭೀಮಪ್ಪನನ್ನು ಕಾಕಾ ಎನ್ನುತ್ತಾಳೆ, ನನ್ನನ್ನು ಸೇಠ್ ಎನ್ನುತ್ತಾಳೆ. ಯಾವುದರಲ್ಲಿ ಪ್ರೀತಿ ಹೆಚ್ಚಿದೆ ಎಂದು ನಾನು ಕೇಳಲು ಹೋಗಿಲ್ಲ.

ಇನ್ನು ಅವನ ಮಧ್ಯಾಹ್ನದ ಊಟದ ಸಂಗತಿ.

ಒಂದು ಗಂಟೆಗೆ ಐದು ನಿಮಿಷ ಇರುವಾಗ ಭೀಮಪ್ಪ ಸೀಮೆಎಣ್ಣೆಯಲ್ಲಿ ಕೈ ತೊಳೆದು, ಸೋಪಿನಲ್ಲಿ ಇನ್ನೊಮ್ಮೆ ತೊಳೆದು, ಬೈಕ್ ಹತ್ತಿ ದತ್ತವಾಡಿಯ ಮನೆಗೆ ಹೋಗುತ್ತಾನೆ. ಎಂಜಿನ್ ಅರ್ಧ ಬಿಚ್ಚಿದ್ದರೂ ಸರಿ. ಮೊದಲೆಲ್ಲ ನಾವು ತಮಾಷೆ ಮಾಡುತ್ತಿದ್ದೆವು, ಹೊಸ ಮದುಮಗ ಹೊರಟ ಎಂದು. ಕಾರಣ ಗೊತ್ತಾದ ಮೇಲೆ ತಮಾಷೆ ನಿಂತಿತು.

ಅವನ ಹೆಂಡತಿ ಹೇಮಲತಾ, ನನಗೆ ವೈನಿ ಅಂದರೆ ಅತ್ತಿಗೆ, ಮದುವೆಯಾಗಿ ಬಂದಾಗ ಮರಾಠಿಯ ಒಂದಕ್ಷರ ತಿಳಿಯದವರು. ಮೂರೇ ವರ್ಷದಲ್ಲಿ ಸೀತಾಬರ್ಡಿಯ ಸೀರೆ ಅಂಗಡಿಯವರು ಅವರನ್ನು ಕಂಡರೆ ಬೆಲೆ ಏರಿಸುವುದನ್ನು ಬಿಟ್ಟಿದ್ದರು, ಅಂಥ ಮರಾಠಿ. ಪಕ್ಕದ ಮನೆಯ ಮೃದುಲಾತಾಯಿ ಮತ್ತು ಅವರು ಕಂಪೌಂಡ್ ಗೋಡೆಗೆ ಒರಗಿ ಮಾತಾಡಿದ ಮಾತಿಗೆ ಗೋಡೆಯ ಸುಣ್ಣವೇ ಸವೆದಿತ್ತು. ಮಗಳನ್ನೂ ಮರಾಠಿಯಲ್ಲೇ ಬೆಳೆಸಿದರು. ಎರಡು ವರ್ಷದ ಹಿಂದೆ ಅವರಿಗೆ ಲಕ್ವಾ ಹೊಡೆಯಿತು. ಬಲಗೈ ಬಲಗಾಲು ಸೋತವು, ಮಾತು ನಿಂತಿತು. ನಾಲ್ಕು ತಿಂಗಳ ಮೇಲೆ ಮಾತು ಒಂದೊಂದೇ ತಿರುಗಿ ಬಂದಾಗ ಎಲ್ಲರಿಗೂ ಸಂತೋಷವಾಯಿತು, ಹಿಂದೆಯೇ ದಿಗಿಲೂ ಆಯಿತು. ಬಂದದ್ದು ಕನ್ನಡ ಮಾತ್ರ. ಮೂವತ್ತು ವರ್ಷದ ಮರಾಠಿ ನೀರಿನಲ್ಲಿ ಬರೆದ ಹಾಗೆ ಹೋಗಿಬಿಟ್ಟಿತ್ತು. ಎದುರಿನವರು ಮರಾಠಿಯಲ್ಲಿ ಹೇಳಿದ್ದು ಅರ್ಧಂಬರ್ಧ ತಿಳಿಯುತ್ತದೆ, ತಿರುಗಿ ಹೇಳಲು ಬಾಯಿಗೆ ಏನೂ ಬರುವುದಿಲ್ಲ. ಹೀಗೂ ಆಗುತ್ತದೆ, ಚಿಕ್ಕಂದಿನ ಭಾಷೆ ಉಳಿದು ಕಲಿತದ್ದು ಹೋಗುವುದುಂಟು ಎಂದು ಡಾಕ್ಟರು ಹೇಳಿದರಂತೆ.

ಮೃದುಲಾತಾಯಿ ದಿನವಿಡೀ ಬಂದು ಕೂರುತ್ತಾರೆ, ತಲೆ ಬಾಚುತ್ತಾರೆ. ಮಗಳು ಅಕೋಲಾದಿಂದ ಹದಿನೈದು ದಿನಕ್ಕೊಮ್ಮೆ ಬಂದು ಅಮ್ಮನ ಕೈ ಹಿಡಿದು ಮರಾಠಿಯಲ್ಲಿ ಮಾತಾಡುತ್ತಾಳೆ. ಅಮ್ಮ ಕನ್ನಡದಲ್ಲಿ ಉತ್ತರ ಕೊಡುತ್ತಾರೆ, ಮಗಳಿಗೆ ಪೂರ್ತಿ ತಿಳಿಯುವುದಿಲ್ಲ. ಹೀಗಾಗಿ ಹೇಮಲತಾ ವೈನಿಯ ಮಾತು ಹೋಗಿ ಮುಟ್ಟುವ ಕಿವಿ ಆ ಮನೆಯಲ್ಲಿ ಒಂದೇ. ಭೀಮಪ್ಪ ಬೆಳಿಗ್ಗೆ ಏಳಕ್ಕೆ ಹೊರಟರೆ ಸಂಜೆ ಬರುವುದು ಆರಕ್ಕೆ. ನಡುವೆ ಒಂದು ಗಂಟೆಗೆ ಅವನು ಬಂದು, ಎದುರು ಕೂತು, ತುತ್ತು ಕಲಸಿ ಅವರ ಎಡಗೈಗೆ ಕೊಡುತ್ತಾನೆ. ಬೆಳಗಿನಿಂದ ಕೂಡಿಟ್ಟ ಹತ್ತು ಹನ್ನೆರಡು ಮಾತುಗಳನ್ನು ಅವರು ಆಗ ಒಂದೊಂದಾಗಿ ಹೊರಗೆ ಹಾಕುತ್ತಾರೆ. ಬೆಕ್ಕು ಬಂದಿತ್ತು. ಹಾಲಿನವ ನೀರು ಹಾಕಿದ್ದಾನೆ. ಮೃದುಲಾ ಅತ್ತಳು, ಯಾಕೋ ಗೊತ್ತಿಲ್ಲ. ಅವನು ಇಲ್ಲದೆ ಅವರು ಉಣ್ಣುವುದಿಲ್ಲ. ಹಟವಲ್ಲ, ಅದು ಅವರ ದಿನದ ಮಾತಿನ ಹೊತ್ತು.

ಈ ಏಪ್ರಿಲ್ ಕೊನೆಯಲ್ಲಿ ಯಾರ್ಡಿಗೆ ಹೊಸ ನಿಯಮ ಬಂತು. ತಂದವನು ಮ್ಯಾನೇಜರ್ ಯಶಸ್, ಬೆಂಗಳೂರಿನ ಹುಡುಗ, ವಯಸ್ಸು ಇಪ್ಪತ್ತೊಂಬತ್ತು. ಕೆಟ್ಟವನಲ್ಲ. ಅಂಗಡಿಗೆ ಬಂದರೆ ಕನ್ನಡದಲ್ಲಿ ಮಾತಾಡಿಸಿ ಚಹಾ ಕುಡಿದು ಹೋಗುತ್ತಾನೆ. ನಿಯಮ ಹೆಡ್ ಆಫೀಸಿನದು. ಗಾಡಿಗಳು ಮಧ್ಯಾಹ್ನ ಮೂರಕ್ಕೆ ತಿರುಗಿ ಬಂದಾಗ ಗೇಟಿನಲ್ಲಿ ವಾಚ್‌ಮನ್ ಪ್ರತಿ ಟೈರಿನ ಹವಾ ಅಳೆದು ಫೋನಿನಲ್ಲಿ ಹಾಕಬೇಕು. ಹಿಂದಿನ ಟೈರಿಗೆ ಐವತ್ತು ಪೌಂಡು ಇರಬೇಕು. ಹೆಚ್ಚಿದ್ದರೆ ಅಲ್ಲೇ ಇಳಿಸಬೇಕು, ಕಂಪ್ಯೂಟರಿನಲ್ಲಿ ಹೆಡ್ ಮೆಕ್ಯಾನಿಕ್‌ನ ಹೆಸರಿನ ಮುಂದೆ ಕೆಂಪು ಬೀಳುತ್ತದೆ.

ನಾಗಪುರದ ಮೇ ತಿಂಗಳು ಗೊತ್ತಿದ್ದವರಿಗೆ ಇದರ ಹುಚ್ಚುತನ ಹೇಳಬೇಕಾಗಿಲ್ಲ. ಭೀಮಪ್ಪ ಬೆಳಿಗ್ಗೆ, ಟೈರು ತಣ್ಣಗಿರುವಾಗ, ಐವತ್ತು ತುಂಬುತ್ತಾನೆ. ನಲವತ್ತೈದು ಡಿಗ್ರಿ ಬಿಸಿಲಿನ ಡಾಂಬರಿನ ಮೇಲೆ ಓಡಿ ಬಂದರೆ ಅದೇ ಹವಾ ಕಾದು ಐವತ್ತೆಂಟು ತೋರಿಸುತ್ತದೆ. ತೋರಿಸಲೇಬೇಕು, ಟೈರು ಮಾಡಿದವನು ಅದಕ್ಕೆ ತಕ್ಕ ಹಾಗೇ ಮಾಡಿರುತ್ತಾನೆ. ಆ ಬಿಸಿ ಟೈರಿನಿಂದ ಎಂಟು ಇಳಿಸಿ ಐವತ್ತಕ್ಕೆ ತಂದರೆ ಮರುದಿನ ಬೆಳಿಗ್ಗೆ ಅದು ತಣ್ಣಗಾಗಿ ನಲವತ್ತೆರಡಕ್ಕೆ ಕೂತಿರುತ್ತದೆ. ನಲವತ್ತೆರಡರ ಮೇಲೆ ಭಾರ ಹೇರಿ ಓಡಿಸಿದರೆ ಟೈರಿನ ಪಕ್ಕೆ ಮಡಚಿ ಮಡಚಿ ಒಳಗೇ ಬೇಯುತ್ತದೆ. ಬಿಸಿಲಿಗೆ ಟೈರು ಸಿಡಿದೀತು ಎಂದು ಹೆದರಿ ಹವಾ ಇಳಿಸುವುದು ಇಲ್ಲಿಯ ಡ್ರೈವರುಗಳ ಹಳೆಯ ರೂಢಿ. ಅದರಿಂದಲೇ ಸಿಡಿಯುತ್ತದೆ, ಮತ್ತೆ ಇನ್ನಷ್ಟು ಇಳಿಸುತ್ತಾರೆ. ಈ ರೂಢಿಯಿಂದ ನನ್ನ ಅಂಗಡಿಗೆ ಆದ ಉಪಕಾರವನ್ನು ನಾನು ಅಲ್ಲಗಳೆಯಲಾರೆ. ಭೀಮಪ್ಪ ಹನ್ನೆರಡು ವರ್ಷ ಹೊಡೆದಾಡಿ ಯಾರ್ಡಿನಿಂದ ಹೊರಗೆ ಹಾಕಿದ ರೂಢಿಯನ್ನು ಹೆಡ್ ಆಫೀಸಿನವರು ಈಗ ಫೋನಿನೊಳಗೆ ಇಟ್ಟು ತಿರುಗಿ ಕಳಿಸಿದ್ದರು.

ಅವನು ಎರಡು ಸಲ ಹೋಗಿ ಹೇಳಿದ. ಯಶಸ್ ಪಾಪ, ಒಪ್ಪಿಕೊಂಡೇ ಅಂದನಂತೆ, "ಭೀಮಪ್ಪ ಸರ್, ಬಿಸಿ ಆದ್ರೆ ಪ್ರೆಶರ್ ಏರತ್ತೆ ಅಂತ ನಾನೂ ಓದಿದೀನಿ. ಆದ್ರೆ ರಿಪೋರ್ಟಲ್ಲಿ ಕೆಂಪು ಬಂದ್ರೆ ಗುರುಗ್ರಾಮ್ ಹೆಡ್ ಆಫೀಸ್‌ನವ್ರು ನಾನು ಓದಿದ್ದನ್ನ ಕೇಳಲ್ಲ."

ಒಂದು ವಾರ ಕೆಂಪು ಬಂತು. ಬೆಳಿಗ್ಗೆ ಭೀಮಪ್ಪ ತುಂಬುವುದು, ಮಧ್ಯಾಹ್ನ ವಾಚ್‌ಮನ್ ಇಳಿಸುವುದು. ವಾರದ ಕೊನೆಗೆ ಕಾಗದ ಬಂತು. ಇನ್ನೊಂದು ವಾರ ಹೀಗೇ ಆದರೆ ಅವನನ್ನು ಕಳಮೇಶ್ವರದ ಗೋದಾಮಿಗೆ ಹಾಕಲಾಗುವುದು.

"ಅಲ್ಲಿ ಬರೀ ಫೋರ್ಕ್‌ಲಿಫ್ಟ್ ಅದಾವ್ರಿ," ಎಂದು ಕಾಗದ ತಂದು ನನಗೆ ತೋರಿಸಿದ. "ಅವುಕ್ಕ ಗಟ್ಟಿ ರಬ್ಬರಿನ ಗಾಲಿ. ಹವಾನ ಇಲ್ಲ. ಕೆಂಪ ಬೀಳೂ ಮಾತ ಇಲ್ಲ."

"ಬಡ್ತಿ ಕೊಟ್ಟಾರ ಅನ್ನು," ಎಂದೆ.

ಅವನು ನಗಲಿಲ್ಲ. ವಾಡಿಯಿಂದ ಕಳಮೇಶ್ವರಕ್ಕೆ ಹೋಗಿ ಬರುವುದೇ ಒಂದೂವರೆ ತಾಸಿನ ಮಾತು. ಒಂದು ಗಂಟೆಯ ಊಟ ಅಲ್ಲಿಗೆ ಮುಗಿಯಿತು.

ಮರುವಾರ ಯಾರ್ಡಿನಲ್ಲಿ ಕೆಂಪು ಬೀಳಲಿಲ್ಲ. ಒಂಬತ್ತು ದಿನ ಎಲ್ಲವೂ ಹಸಿರು. ಕಳಮೇಶ್ವರದ ಮಾತು ಅಡಗಿತು. ನಿಯಮ ಸಡಿಲ ಮಾಡಿರಬೇಕು ಎಂದು ನಾನು ತಿಳಿದೆ. ಭೀಮಪ್ಪನನ್ನು ಕೇಳಿದರೆ, "ಹೂಂ, ನಡದೈತ್ರಿ" ಎಂದಷ್ಟೇ ಹೇಳಿ ಮುಖ ತಿರುಗಿಸಿದ. ಒಂದು ನಟ್ಟಿನ ಬಗ್ಗೆ ಅರ್ಧ ತಾಸು ಮಾತಾಡುವ ಮನುಷ್ಯ ಹಾಗೆ ಎರಡೇ ಶಬ್ದದಲ್ಲಿ ಮುಗಿಸಿದಾಗ ನಾನು ಅನುಮಾನಿಸಬೇಕಿತ್ತು. ವ್ಯಾಪಾರದ ಗದ್ದಲದಲ್ಲಿ ಬಿಟ್ಟೆ.

ಹತ್ತನೆಯ ದಿನ ಮಧ್ಯಾಹ್ನ ಹನ್ನೆರಡೂವರೆಗೆ ಗೊಂಡಖೈರಿಯ ಹತ್ತಿರ ರಾಗಿಣಿಯ ಗಾಡಿಯ ಬಲಹಿಂದಿನ ಟೈರು ಸಿಡಿಯಿತು. ಹಿಂದೆ ಹನ್ನೊಂದು ಏರ್ ಕೂಲರ್‌ಗಳ ಭಾರ. ಗಾಡಿ ರಸ್ತೆ ಬಿಟ್ಟು ಇಳಿದು ಒಂದು ಮಣ್ಣಿನ ದಿಬ್ಬಕ್ಕೆ ಒರಗಿ ನಿಂತಿತು. ಅವಳ ಮೊಣಕೈ ಸುಲಿದಿತ್ತು, ಬೇರೇನೂ ಆಗಿರಲಿಲ್ಲ. ಹಿಂದೆ ಲಾರಿ ಇದ್ದಿದ್ದರೆ ಏನು ಎಂಬ ಮಾತನ್ನು ಆ ದಿನ ಯಾರೂ ಬಾಯಿಬಿಟ್ಟು ಆಡಲಿಲ್ಲ. ಭೀಮಪ್ಪ ಆಗ ತಾನೇ ಕೈ ತೊಳೆಯಲು ಹೊರಟಿದ್ದವನು ಸರ್ವಿಸ್ ಗಾಡಿ ಹತ್ತಿ ಹೋದ. ಎರಡು ವರ್ಷದಲ್ಲಿ ಮೊದಲ ಬಾರಿ ಮಧ್ಯಾಹ್ನ ಮನೆಗೆ ಹೋಗಲಿಲ್ಲ.

ಸಂಜೆ ಐದರ ಹೊತ್ತಿಗೆ ಅವನೂ ರಾಗಿಣಿಯೂ ಆ ಟೈರನ್ನು ನನ್ನ ಅಂಗಡಿಗೆ ಉರುಳಿಸಿಕೊಂಡು ಬಂದರು. ಕಂಪನಿಯ ಪದ್ಧತಿ ಹಾಗೆ. ಸಿಡಿದ ಟೈರನ್ನು ಅಂಗಡಿಯವನು ನೋಡಿ ಕಾರಣ ಬರೆದು ಸಹಿ ಹಾಕಿ ಕೊಡಬೇಕು.

"ನನ್ನನ್ನ ಕೆಲಸದಿಂದ ನಿಲ್ಲಿಸಿದಾರೆ ಸೇಠ್," ಎಂದಳು ರಾಗಿಣಿ ಹಿಂದಿಯಲ್ಲಿ, ಮೊಣಕೈಯ ಪಟ್ಟಿ ಸರಿ ಮಾಡಿಕೊಳ್ಳುತ್ತ. "ಫೋನಿನಲ್ಲಿ ಐವತ್ತೆರಡರ ಸ್ಪೀಡ್ ಬಂದಿದೆಯಂತೆ. ಐವತ್ತರ ಮೇಲೆ ಹೋಗಬಾರದು. ಹಂಗಾಗಿ ತಪ್ಪು ನನ್ನದು. ಎರಡೇ ಎರಡು ಕಿಲೋಮೀಟರಿಗೆ ಟೈರು ಸಿಡಿಯುತ್ತೆ ಅಂದರೆ ನನ್ನ ಕಾಲಿಗೆ ಅಂಥಾ ತಾಕತ್ತಿದೆ ಅಂತ ನಂಗೇ ಗೊತ್ತಿರಲಿಲ್ಲ."

ನಾನು ಟೈರಿನೊಳಗೆ ಕೈ ಹಾಕಿದೆ. ಒಳಗಿನ ಪಕ್ಕೆಯ ಸುತ್ತ ಬಳೆಯ ಹಾಗೆ ಒಂದು ಸುಟ್ಟ ಗುರುತು. ಕೈ ಹೊರಗೆ ತೆಗೆದಾಗ ಬೆರಳ ತುಂಬ ಕರಿ ಪುಡಿ. ಹವಾ ಕಡಿಮೆ ಇದ್ದು ಬಹಳ ದಿನ ಓಡಿದ ಟೈರಿನ ಒಳಗೆ ಮಾತ್ರ ಅದು ಇರುತ್ತದೆ. ನಾನು ತಲೆ ಎತ್ತಿದೆ. ಭೀಮಪ್ಪ ಟೈರು ನೋಡುತ್ತಿರಲಿಲ್ಲ, ನನ್ನ ಬೆರಳು ನೋಡುತ್ತಿದ್ದ.

ರಾಗಿಣಿ ಮನೆಗೆ ಹೋದ ಮೇಲೆ ಅವನು ಸ್ಟೂಲಿನ ಮೇಲೆ ಕೂತ.

"ಬೆಳಿಗ್ಗೆ ತುಂಬೂದು ಬಿಟ್ಟಿದ್ನಿರಿ," ಎಂದ. "ಒಂಬತ್ತ ದಿನ. ನಲವತ್ತೆರಡ ಇದ್ದದ್ದು ಹಂಗ ಬಿಟ್ಟೆ. ಮಧ್ಯಾಹ್ನ ಕಾದು ಐವತ್ತಾಗಿ ಹಸರ ಬರ್ತಿತ್ತು."

"ಅರವತ್ತನಾಲ್ಕು ಗಾಡಿಗೂ?"

"ಅರವತ್ತನಾಲ್ಕಕ್ಕೂ."

ನಾನು ಪ್ಯಾಡು ಹತ್ತಿರ ಎಳೆದುಕೊಂಡು ಪೆನ್ನು ತೆಗೆದೆ. "ರಸ್ತೆದಾಗಿನ ಕಲ್ಲ ಬಡದು ಒಡದೈತಿ ಅಂತ ಬರೀತೀನಿ. ರಾಗಿಣಿ ಮ್ಯಾಲೂ ಬರೂದಿಲ್ಲ, ನಿನ್ನ ಮ್ಯಾಲೂ ಬರೂದಿಲ್ಲ. ಕಲ್ಲಿಗೆ ಯಾರೂ ನೋಟಿಸ್ ಕೊಡೂದಿಲ್ಲ. ನಾಳಿಂದ ನೀ ಚುಪ್ ತುಂಬಾಕ ಶುರು ಮಾಡು."

"ನಾಳಿಂದ ತುಂಬಿದ್ರ ನಾಳೆ ಮೂರಕ್ಕ ಇಳಸ್ತಾರ್ರಿ. ಮುಂದ ಇನ್ನೊಂದ ಗಾಡಿ. ಅದಕ್ಕೂ ಕಲ್ಲ ಬರೀತೀರೇನು?" ಅವನು ನನ್ನ ಕೈಯ ಪೆನ್ನು ನೋಡಿದ. "ಇದ್ದದ್ದು ಬರೀರಿ, ಸಾವ್ಕಾರ್ರ."

ಬರೆದೆ. ಟೈರಿಗೆ ಹವಾ ಕಡಿಮೆ, ಬಹಳ ದಿನದಿಂದ. ಸಹಿ ಹಾಕುವಾಗ ಸ್ನೇಹಿತನ ವಿರುದ್ಧ ಸಾಕ್ಷಿ ಹೇಳಿದ ಹಾಗೆ ಅನ್ನಿಸಿತು.

ಅವನ ಬೈಕು ಯಾರ್ಡಿನಲ್ಲೇ ಉಳಿದಿತ್ತು. ನನ್ನ ಸ್ಕೂಟರಿನಲ್ಲಿ ಮನೆಗೆ ಬಿಟ್ಟೆ. ಒಳಗೆ ಬರಬೇಡಿ ಎಂದು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ, ಹೋದೆ. ಹೇಮಲತಾ ವೈನಿ ಕೂಲರ್ ಎದುರಿನ ಕುರ್ಚಿಯಲ್ಲಿ ಕೂತಿದ್ದರು. ಪಕ್ಕದಲ್ಲಿ ಮೃದುಲಾತಾಯಿ, ಮುಂದೆ ಮುಚ್ಚಿಟ್ಟ ತಾಟು. "ಒಂದು ತುತ್ತೂ ಮುಟ್ಟಿಲ್ಲ ಭಾವೂ," ಎಂದು ಮೃದುಲಾತಾಯಿ ಮರಾಠಿಯಲ್ಲಿ ದೂರು ಹೇಳಿದರು, "ಐದು ಸಲ ಬಿಸಿ ಮಾಡಿದೆ. ಏನೋ ಹೇಳ್ತಾಳೆ, ನನಗೆ ತಿಳಿಯಲ್ಲ. ನಾನೂ ಸಿಟ್ಟು ಮಾಡಿಕೊಂಡೆ." ಹಾಗೆಂದು ಕಣ್ಣೊರೆಸಿಕೊಂಡು ತಮ್ಮ ಮನೆಗೆ ಹೋದರು.

ಭೀಮಪ್ಪ ನೆಲದ ಮೇಲೆ, ಹೆಂಡತಿಯ ಕುರ್ಚಿಯ ಹತ್ತಿರ ಕೂತ. ಎಲ್ಲವನ್ನೂ ಹೇಳಿದ. ಕೆಂಪು, ಹಸಿರು, ಕಳಮೇಶ್ವರದ ಕಾಗದ, ಒಂಬತ್ತು ದಿನ. ಮಧ್ಯಾಹ್ನ ಮನೆಗೆ ಬರಲು ಆಗುವುದಿಲ್ಲ ಎಂದು ಹೀಗೆ ಮಾಡಿದೆ ಎಂದ. ಅವರು ಕೂಲರ್‌ನ ಸದ್ದಿನಲ್ಲಿ ತಲೆ ಬಗ್ಗಿಸಿ ಕೇಳಿದರು.

"ಹುಡುಗಿ?" ಎಂದರು.

"ಆರಾಮ ಅದಾಳ. ಮೊಣಕೈ ಅಷ್ಟ."

ವೈನಿ ಎಡಗೈಯಿಂದ ಅವನ ಭುಜ ಹಿಡಿದರು. ಮಾತು ತಡೆದು ತಡೆದು ಬಂತು. "ನನ್ನ... ಮ್ಯಾಲೆ... ಹಾಕಬ್ಯಾಡ್ರಿ."

ಅವನು ತಲೆ ಎತ್ತಲಿಲ್ಲ.

"ನಾಳೆ... ಹೇಳ್ರಿ. ಸಾಹೇಬಗ. ನನ್ನ ಹೆಸರ... ತಗೀಬ್ಯಾಡ್ರಿ." ಇಷ್ಟು ಹೇಳಿ ಅವರಿಗೆ ಬೆವರು ಬಂದಿತ್ತು. ಸ್ವಲ್ಪ ಸುಧಾರಿಸಿಕೊಂಡು ತಾಟಿನ ಕಡೆ ಕಣ್ಣು ತೋರಿಸಿದರು. "ಉಣ್ಣೂಣು. ಹೊಟ್ಟಿ... ಹಸದೈತಿ."

ನಾನು ಚಪ್ಪಲಿ ಮೆಟ್ಟಿಕೊಂಡು ಸದ್ದಿಲ್ಲದೆ ಹೊರಟೆ.

ಮರುದಿನ ಚೀಟಿ ಕೊಡುವ ನೆಪದಲ್ಲಿ ನಾನೂ ಯಾರ್ಡಿಗೆ ಹೋದೆ. ಯಶಸ್ ಚೀಟಿ ಓದಿದ, ಭೀಮಪ್ಪನ ಮಾತು ಕೇಳಿದ.

"ಒಂಬತ್ತು ದಿನ? ಗೊತ್ತಿದ್ದೂ? ಸರ್, ನೀವು ಇಂಥ ಕೆಲ್ಸ ಮಾಡೋರಲ್ಲ. ಯಾಕೆ?"

"ಕಳಮೇಶ್ವರಕ್ಕ ಹೋಗೂದು ಬ್ಯಾಡಾಗಿತ್ರಿ."

"ಸಂಬಳ ಅದೇ ಇತ್ತಲ್ಲ. ಏನು ತೊಂದ್ರೆ ಅಲ್ಲಿ?"

"ಮಧ್ಯಾಹ್ನ ಊಟಕ್ಕ ಮನೀಗೆ ಬರಾಕ ಆಗತಿದ್ದಿಲ್ರಿ."

ಯಶಸ್ ಅವನನ್ನೇ ನೋಡಿದ. "ಊಟಕ್ಕಾ? ಅಲ್ಲಿ ಕ್ಯಾಂಟೀನ್ ಇದೆ."

"ಹೌದ್ರಿ. ಇರತೈತಿ."

ನಾನು ಬಾಯಿ ತೆರೆದೆ. ಭೀಮಪ್ಪ ನನ್ನ ಕಡೆ ಆ ನೋಟ ಬೀರಿದ. ಬಾಯಿ ಮುಚ್ಚಿದೆ. ಐವತ್ನಾಲ್ಕು ವರ್ಷದ ಮನುಷ್ಯ, ಬಿಸಿ ಅನ್ನದ ಆಸೆಗೆ ಅರವತ್ತನಾಲ್ಕು ಗಾಡಿಗಳನ್ನು ಹಾಳು ಮಾಡಲು ಹೊರಟ ಹೊಟ್ಟೆಬಾಕನ ಹಾಗೆ ಆ ಹುಡುಗನ ಮುಂದೆ ನಿಂತುಕೊಂಡ. ಯಶಸ್ ತನ್ನ ವರದಿಯಲ್ಲಿ ಹಾಗೇ ಬರೆದ, ಸ್ವಂತ ಊಟದ ಅನುಕೂಲಕ್ಕಾಗಿ ಎಂದು. ಭೀಮಪ್ಪ ಓದಿ ಸಹಿ ಹಾಕಿದ.

"ಒಂದ ಮಾತ ಕೇಳ್ರಿ, ಸಾಹೇಬ್ರ," ಎಂದ ಸಹಿ ಹಾಕಿದ ಮೇಲೆ. "ರಾಗಿಣೀನ ಕೆಲಸಕ್ಕ ಕರೀರಿ. ನನ್ನ ಎಲ್ಲಿಗರ ಹಾಕ್ರಿ. ಆದ್ರ ನಾಳೆ ಬೆಳಿಗ್ಗೆ ಐದಕ್ಕ ನೀವ ಬರ್ರಿ, ಟೈರ್ ತಣ್ಣಗಿದ್ದಾಗ. ನಿಮ್ಮ ಕೈಯಿಂದ ಅಳೀರಿ."

ಯಶಸ್ ಬಂದ. ಇದು ಅವನ ಬಗ್ಗೆ ನನಗಿರುವ ಗೌರವ. ಹಿಂದಿನ ಬೆಳಿಗ್ಗೆ ಭೀಮಪ್ಪ ತುಂಬಿದ್ದನ್ನು ಮಧ್ಯಾಹ್ನ ವಾಚ್‌ಮನ್ ಇಳಿಸಿದ್ದ. ಯಶಸ್ ಅರ್ಧ ನಿದ್ದೆಯಲ್ಲಿ, ಗೇಜ್ ಹಿಡಿದು, ಮೊದಲನೇ ಗಾಡಿಯಿಂದ ಶುರು ಮಾಡಿದನಂತೆ. ನಲವತ್ತೆರಡು. ನಲವತ್ತೊಂದು. ನಲವತ್ತೆರಡು. ಇಪ್ಪತ್ತನೇ ಗಾಡಿಯ ಹತ್ತಿರ ನಿಂತುಬಿಟ್ಟ. "ಇವತ್ತು ಇದ್ರಲ್ಲೇ ಎಲ್ರೂ ಹೋಗ್ತಿದ್ರಾ?" ಎಂದು ಕೇಳಿದ. "ಹೌದ್ರಿ," ಎಂದ ಭೀಮಪ್ಪ, "ನಿನ್ನೆ ಇಳಿಸಿದ ಮ್ಯಾಲೆ ಬರೋಬರ್ ಐವತ್ತ ಇತ್ತಲ್ರಿ." ಇದನ್ನು ನನಗೆ ಹೇಳಿದವಳು ರಾಗಿಣಿ. ಅವಳನ್ನು ಹಿಂದಿನ ದಿನವೇ ಕೆಲಸಕ್ಕೆ ಕರೆದಿದ್ದರು.

ಯಶಸ್ ಹೆಡ್ ಆಫೀಸಿಗೆ ಉದ್ದುದ್ದ ಬರೆದ. ನಾಲ್ಕು ದಿನದಲ್ಲಿ ಉತ್ತರ ಬಂತು. ಹವಾ ಇನ್ನು ಮೇಲೆ ಬೆಳಿಗ್ಗೆಯೇ ಅಳೆಯಬೇಕು, ಏಳರೊಳಗೆ ಅರವತ್ತನಾಲ್ಕು ಗಾಡಿಯ ಲೆಕ್ಕ ಫೋನಿಗೆ ಬರಬೇಕು. ಅದೇ ಟಪಾಲಿನಲ್ಲಿ ಇನ್ನೊಂದು ಕಾಗದವಿತ್ತು. ತಪ್ಪು ಒಪ್ಪಿಕೊಂಡ ಹೆಡ್ ಮೆಕ್ಯಾನಿಕ್ ಜೂನ್ ಒಂದರಿಂದ ಕಳಮೇಶ್ವರಕ್ಕೆ.

ಭೀಮಪ್ಪ ಅದನ್ನೂ ತೆಗೆದುಕೊಂಡು ಸಹಿ ಹಾಕಿದ. ಮನೆಯಲ್ಲಿ ತಯಾರಿ ಶುರುವಾಯಿತು. ಮಧ್ಯಾಹ್ನ ಒಂದಕ್ಕೆ ಫೋನು ಸ್ಪೀಕರಿಗೆ ಹಾಕಿ ತಾಟಿನ ಪಕ್ಕದಲ್ಲಿಡುವುದನ್ನು ಮೃದುಲಾತಾಯಿಗೆ ಕಲಿಸಿದ. ಮೊದಲ ದಿನ ಅಭ್ಯಾಸಕ್ಕೆಂದು ನನ್ನ ಅಂಗಡಿಯಿಂದಲೇ ಫೋನ್ ಮಾಡಿದ. ವೈನಿಗೆ ಮಾತು ಹೊರಡಲು ಹೊತ್ತು ಬೇಕು. ಎದುರಿಗಿದ್ದರೆ ತುಟಿ ನೋಡಿಕೊಂಡು ಅವನು ಕಾಯುತ್ತಾನೆ. ಫೋನಿನಲ್ಲಿ ಆ ಹೊತ್ತು ಬರೀ ಕೂಲರ್‌ನ ಸದ್ದು ಕೇಳಿಸಿತು. "ಹಲೋ, ಹಲೋ" ಎಂದು ಇವನು ಕೂಗಿದಷ್ಟೂ ಅಲ್ಲಿ ಹೊರಡಬೇಕಾಗಿದ್ದ ಮಾತು ಒಳಗೇ ಹೋಯಿತು. ಫೋನ್ ಇಟ್ಟು, "ಕಲೀತಾಳ್ರಿ," ಎಂದ. ಯಾರಿಗೆ ಧೈರ್ಯ ಹೇಳಿದನೋ ತಿಳಿಯದು.

ಅಷ್ಟರಲ್ಲಿ ಯಾರ್ಡಿನಲ್ಲಿ ಬೇರೆಯೇ ಫಜೀತಿ. ಅರವತ್ತನಾಲ್ಕು ಗಾಡಿ ಏಳರೊಳಗೆ ಮುಗಿಯಬೇಕಾದರೆ ಐದಕ್ಕೆ ಶುರುವಾಗಬೇಕು. ಜೂನಿನಿಂದ ಈ ಕೆಲಸ ಉಳಿದ ಇಬ್ಬರು ಮೆಕ್ಯಾನಿಕ್‌ಗಳದೇ ಆಗಲಿ ಎಂದು ಯಶಸ್ ಅವರನ್ನು ಕರೆದು ಹೇಳಿದ. ಒಬ್ಬ ಸೊಂಟ ನೋವು ಎಂದ. ಇನ್ನೊಬ್ಬ, ಬಾಬು ಎಂಬವನು, "ಸಾಹೇಬ್, ಐದಕ್ಕೆ ನಮ್ಮ ಓಣಿಯ ನಾಯಿಯೂ ಏಳಲ್ಲ" ಎಂದ. ಕೊನೆಗೆ ಐದು ದಿನ ಯಶಸ್ ತಾನೇ ಬಂದು, ಇಸ್ತ್ರಿ ಅಂಗಿ ಹಾಕಿಕೊಂಡು, ಕಂಪ್ರೆಸರ್ ಪೈಪು ಎಳೆದಾಡಿದ. ಅವನ ಜೊತೆಗೆ, ಕರೆಯದೆ, ಕಳಮೇಶ್ವರದ ಕಾಗದ ಜೇಬಿನಲ್ಲಿಟ್ಟುಕೊಂಡು, ದಿನವೂ ಐದಕ್ಕೆ ಬಂದು ಹಿಂದಿನ ಟೈರುಗಳ ಹತ್ತಿರ ಕುಕ್ಕರುಗಾಲಲ್ಲಿ ಕೂರುತ್ತಿದ್ದವನು ಭೀಮಪ್ಪ. ಇಬ್ಬರೂ ಹೆಚ್ಚು ಮಾತಾಡಲಿಲ್ಲವಂತೆ.

ಆರನೆಯ ದಿನ ಯಶಸ್ ನನ್ನ ಅಂಗಡಿಗೆ ಬಂದು, ಅಂಗೈಯ ಬೊಬ್ಬೆ ತೋರಿಸಿ ಚಹಾ ಕೇಳಿದ. "ಐದು ಗಂಟೆಗೆ ಬರೋಕೆ ಒಪ್ಪೋ ಮೆಕ್ಯಾನಿಕ್ ಒಬ್ನೇ, ಅವ್ನನ್ನ ನೀವೇ ಕಳಿಸ್ತಾ ಇದೀರಿ ಅಂತ ಹೆಡ್ ಆಫೀಸಿಗೆ ಬರ್ದೆ. ಮುಂದಿನ ಆದೇಶದವರೆಗೆ ಇಲ್ಲೇ ಇರ್ಲಿ ಅಂದ್ರು. ಶಿಫ್ಟ್ ಬೆಳಿಗ್ಗೆ ಐದರಿಂದ ಮಧ್ಯಾಹ್ನ ಒಂದು."

"ಒಂದಕ್ಕ ಬಿಡ್ತೀರಿ?" ಎಂದೆ.

"ಒಂದಕ್ಕೆ. ಮನೆಗೆ ಹೋಗಿ ಊಟ ಮಾಡ್ಲಿ, ಪಾಪ, ಅಷ್ಟು ಆಸೆ ಇದ್ರೆ." ಅವನಿಗೆ ಇವತ್ತಿಗೂ ಕಾರಣ ಗೊತ್ತಿಲ್ಲ. ಮುಂದಿನ ಆದೇಶ ಯಾವಾಗ ಬರುತ್ತದೋ ಅದೂ ಯಾರಿಗೂ ಗೊತ್ತಿಲ್ಲ.

ಬೆಳಗಿನ ಹೊತ್ತು ಈಗ ಮೃದುಲಾತಾಯಿಯ ಪಾಲಿಗೆ ಬಂದಿದೆ. ಆರಕ್ಕೆ ಚಹಾ ತಂದು, "ಚಾ ಕುಡಿ" ಎನ್ನುತ್ತಾರೆ, ಭೀಮಪ್ಪ ಕಲಿಸಿದ ಕನ್ನಡ. "ಕುಡೀರಿ... ಅನ್ನು" ಎಂದು ವೈನಿ ತಿದ್ದುತ್ತಾರೆ. ಅದಕ್ಕೆ ಮೃದುಲಾತಾಯಿ ಮರಾಠಿಯಲ್ಲಿ ಬೈಯುತ್ತಾರೆ. ಇಬ್ಬರಿಗೂ ಪೂರ್ತಿ ತಿಳಿಯುತ್ತದಂತೆ.

ಜೂನ್ ಎರಡನೆಯ ವಾರ, ಮೊದಲ ಮಳೆ ಬಿದ್ದ ಮರುದಿನ, ನಾಲ್ಕರ ಹೊತ್ತಿಗೆ ನಾನು ಆ ಕಡೆ ಹೋದೆ. ಭೀಮಪ್ಪ ಊಟ ಮುಗಿಸಿ, ಹೆಂಡತಿಯ ಎದುರು ಕೂತು, ಐವತ್ತೊಂದನೇ ಗಾಡಿಯ ಗೇರ್‌ಬಾಕ್ಸಿನ ಕಥೆ ಹೇಳುತ್ತಿದ್ದ. ಒಂದೂವರೆಯಿಂದ ಹೇಳುತ್ತಿದ್ದನಂತೆ. ವೈನಿ ನನ್ನನ್ನು ಕಂಡು ಎಡಗೈ ಎತ್ತಿದರು.

"ಸಾವ್ಕಾರ್ರ... ಬರ್ರಿ." ಒಂದು ಉಸಿರು ಎಳೆದುಕೊಂಡರು. "ಇವರನ್ನ... ಕರ್ಕೊಂಡ ಹೋಗ್ರಿ. ಅಂಗಡೀಗೆ. ಬಾಳ... ಮಾತಾಡ್ತಾರ."

ಭೀಮಪ್ಪ ನನ್ನನ್ನು ನೋಡಿದ, ಹೆಂಡತಿಯನ್ನು ನೋಡಿದ, ಎದ್ದು ಗೂಟದ ಮೇಲಿನ ಅಂಗಿ ತೆಗೆದುಕೊಂಡ. ಬಾಗಿಲ ಹತ್ತಿರ ತಿರುಗಿ, "ಐದಕ್ಕ ಬರಲೇನು?" ಎಂದು ಕೇಳಿದ.

ಅವರು ಯೋಚಿಸಿದರು. ಅವನು ಬಾಗಿಲು ಹಿಡಿದುಕೊಂಡು ಕಾದ.

"ಆರಕ್ಕ," ಎಂದರು ವೈನಿ.